ಈಜುಕೊಳದ ರಸಾಯನ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟು, ದೇವನಹಳ್ಳಿಯ ಕೋಟೆಯನ್ನು ದಾಟಿ ನಂದಿಬೆಟ್ಟದ ಕಡೆಗೆ ಸಾಗುವವರು ರಾಗಿಯ ಹೊಲಗಳ ಮತ್ತು ದ್ರಾಕ್ಷಿ ತೋಟಗಳ ನಡುವೆ ಅಲ್ಲಲ್ಲಿ ಹೊಸದಾಗಿ ಎದ್ದಿರುವ ತೋಟದ ಮನೆಗಳನ್ನು ಕಾಣುತ್ತಾರೆ. 2008ರಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾದ ಮೇಲೆ ಇವುಗಳ ಸಂಖ್ಯೆ ಬಹಳ ಹೆಚ್ಚಿದೆ. ಕೆಲವು ಮನೆಗಳ ಹಿತ್ತಿಲಲ್ಲಿ ನೀಲಿ ಬಿಲ್ಲೆಗಳನ್ನು ಹಾಸಿದ ಈಜುಕೊಳವೂ ಇರುವುದುಂಟು.

ಇಂಥದೊಂದು ಕೊಳವನ್ನು ಹೊಸದಾಗಿ ಕಟ್ಟಿಸಿ, ಕೊಳವೆ ಬಾವಿಯ ನೀರನ್ನು ತುಂಬಿದರೆಂದು ಭಾವಿಸೋಣ. ಮೊದಲನೆಯ ದಿನ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಕ್ರಿಮಿಗಳು ಬೆಳೆಯಬಾರದೆಂದು ಮನೆಯ ಯಜಮಾನರು ಒಂದಿಷ್ಟು ಚಲುವೆ ಪುಡಿಯನ್ನು, ಎಂದರೆ ಎಲ್ಲರೂ ಬ್ಲೀಚಿಂಗ್ ಪೌಡರ್ ಎಂದು ಕರೆಯುವ ಬಿಳಿಯ ಪುಡಿಯನ್ನು, ನೀರಿಗೆ ಹಾಕಿಸುತ್ತಾರೆ. ಮರುದಿನ ನೋಡಿದರೆ ನೀರು ನೀರುಮಜ್ಜಿಗೆಯಂತೆ ಮಬ್ಬಾಗಿದೆ. ಪುಡಿ ಸಾಲದಾಯಿತೆಂದು ಇನ್ನಷ್ಟು ಹಾಕಿಸುತ್ತಾರೆ. ಮಬ್ಬು ಮತ್ತಷ್ಟು ಹೆಚ್ಚುತ್ತದೆ. ವಾರ ಕಳೆಯುವಷ್ಟರಲ್ಲಿ ಗೋಡೆಗಳು ಜಾರತೊಡಗುತ್ತವೆ, ನೀರು ಹಸಿರಾಗುತ್ತದೆ. ಕಡೆಗೆ ಬೇಸತ್ತು, ಇದ್ದ ನೀರನ್ನೆಲ್ಲ ಹೊರಕ್ಕೆ ಬಿಟ್ಟು ಮತ್ತೆ ಹೊಸ ನೀರನ್ನು ತುಂಬಿಸುತ್ತಾರೆ. ಇನ್ನೊಂದು ವಾರಕ್ಕೆ ಅದೇ ಕಥೆ ಮರುಕಳಿಸುತ್ತದೆ.

ಪುಡಿಯನ್ನು ಹಾಕಿದಷ್ಟೂ ಪಾಚಿ ಬೆಳೆದುದೇಕೆ? ಪುಡಿ ಕಲಬೆರಕೆಯದಾಗಿತ್ತೆ? ಹಾಗೆಂದು ಹೇಳಬೇಕಾದ ಅಗತ್ಯವೇ ಇಲ್ಲ. ತಪ್ಪು ಪುಡಿಯದಲ್ಲ, ಆ ಪುಡಿ ಎಂಥ ನೀರಿಗೆ ಬಿದ್ದಿತೆಂಬುದನ್ನು ವಿಚಾರಿಸದೆ ಹೋದುದೇ ತಪ್ಪು.

ಒಂದು ಕೊಳದ ನೀರಿನ ಬೆಲೆ

ಇದು ಸಿರಿವಂತರ ವಿನೋದದ ಮಾತು, ನಮಗೇಕೆ ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಒಂದು ಸಾಧಾರಣ ಕೊಳದಲ್ಲಿ 48 ಘನಮೀಟರ್, ಎಂದರೆ 48,000 ಲೀಟರ್ ನೀರು ಹಿಡಿಯುತ್ತದೆ. 6,000 ಲೀಟರಿನ ಟ್ಯಾಂಕರುಗಳಲ್ಲಿ ತರಿಸಿದರೆ ಎಂಟು ಟ್ಯಾಂಕರು ಬೇಕು. ಜಲಜೀವನ ಯೋಜನೆಯು ಗ್ರಾಮಗಳಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ದೊರೆಯಬೇಕೆಂದು ಗೊತ್ತುಪಡಿಸಿದೆ. ಆ ಲೆಕ್ಕದಲ್ಲಿ, ಒಮ್ಮೆ ಬರಿದುಮಾಡಿದ ಕೊಳದ ನೀರು ಒಬ್ಬ ವ್ಯಕ್ತಿಗೆ ಎರಡು ವರ್ಷಕ್ಕಿಂತಲೂ ಹೆಚ್ಚು ಕಾಲ ಸಾಕಾಗುವಷ್ಟಾಯಿತು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಈ ನೆಲದ ಮೇಲೆಯೇ ಹಾಯ್ದುಹೋದರೂ, ಜನರು ನಂಬಿರುವುದು ಅಂತರ್ಜಲವನ್ನು. ಆ ಅಂತರ್ಜಲವಾದರೋ, ಮಳೆ ಇಂಗಿಸುವುದಕ್ಕಿಂತ ಹೆಚ್ಚಾಗಿ ಮೇಲೆತ್ತಲ್ಪಡುತ್ತಿದೆ. ಈ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿಯು ಅತಿಬಳಕೆಯ ತಾಲ್ಲೂಕುಗಳೆಂದು ಎಣಿಸಿದೆ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತೀವ್ರವಾದಾಗ, ಪಕ್ಕದ ಬೆಂಗಳೂರು ನಗರದ ಜಲಮಂಡಳಿಯು ಕುಡಿಯುವ ನೀರನ್ನು ಈಜುಕೊಳಗಳಿಗೆ ಬಳಸಬಾರದೆಂದು ಆಜ್ಞೆ ಮಾಡಬೇಕಾಯಿತು. ಇಂಥ ನೆಲದಲ್ಲಿ ತುಂಬಿದ ಕೊಳವನ್ನು ಬರಿದುಮಾಡದೆ ವರ್ಷಗಟ್ಟಲೆ ಶುದ್ಧವಾಗಿ ಇಟ್ಟುಕೊಳ್ಳುವುದು ಹೇಗೆಂಬುದು ಮನೆಯೊಬ್ಬರ ಪ್ರಶ್ನೆ ಮಾತ್ರವಲ್ಲ, ಊರಿನ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರವು ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿಯೇ ಅಡಗಿದೆ.

ಬಂಡೆಯ ಒಡಲಿನಿಂದ ಬಂದ ನೀರು

ಮಳೆಯ ನೀರು ಹೆಚ್ಚುಕಡಿಮೆ ಬಟ್ಟಿಯಿಳಿಸಿದ ನೀರಿನಂತೆ. ಅದರಲ್ಲಿ ಕರಗಿದ ಲವಣಗಳು ಬಹು ಸ್ವಲ್ಪ. ಅದು ಮಣ್ಣಿಗೆ ಇಳಿದಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಾರ್ಬಾನಿಕ್ ಆಮ್ಲವಾಗುತ್ತದೆ. ಆಮ್ಲವೆಂದರೆ ಬಹಳ ಸೌಮ್ಯವಾದುದು. ಆದರೆ ಅದಕ್ಕೆ ಕಾಲದ ಅಭಾವವಿಲ್ಲ. ಈ ಸೀಮೆಯ ತಳದಲ್ಲಿರುವುದು ಲಾಲ್‌ಬಾಗಿನ ಬಂಡೆಯಂತಹ ನೈಸ್ ಶಿಲೆ ಮತ್ತು ಅದರೊಡನೆ ಬೆರೆತ ಗ್ರಾನೈಟು. ಇವುಗಳಲ್ಲಿರುವ ಫೆಲ್ಡ್‌ಸ್ಪಾರ್ ಮೊದಲಾದ ಖನಿಜಗಳನ್ನು ಈ ಆಮ್ಲವು ನಿಧಾನವಾಗಿ ಕೊರೆದು, ಅವುಗಳೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳನ್ನು ಬೈಕಾರ್ಬೊನೇಟುಗಳ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಮಣ್ಣಿನಲ್ಲಿ ಸುಣ್ಣಕಲ್ಲಿನ ಗಂಟುಗಳಿದ್ದರೆ ಕೆಲಸ ಇನ್ನೂ ಸುಲಭ. ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುವಾಗ ‘ಗಡಸು ನೀರು’ ಎನಿಸಿರುತ್ತದೆ. ಸಾಬೂನು ನೊರೆಗೊಡದಿರುವುದು, ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಹೊಪ್ಪಳೆ ಕಟ್ಟುವುದು, ಇವು ಅದರ ಗುರುತುಗಳೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು.

ನೆಲದೊಳಗೆ ಈ ನೀರು ತನ್ನದೇ ಒಂದು ಸಮತೋಲದಲ್ಲಿರುತ್ತದೆ. ಮೇಲೆ ಬಂದೊಡನೆ ಅದು ಕೆಡುತ್ತದೆ. ಗೋಲಿ ಸೋಡದ ಗೋಲಿಯನ್ನು ಒತ್ತಿದಾಗ ಏನಾಗುತ್ತದೆಂಬುದನ್ನು ನೆನೆಯಿರಿ: ಒತ್ತಡದಲ್ಲಿ ಕರಗಿದ್ದ ಅನಿಲ ಬುರಬುರನೆ ಹೊರಬಿದ್ದು, ಸೋಡದ ಚುರುಕು ಇಳಿಯುತ್ತದೆ. ಕೊಳವೆ ಬಾವಿಯ ನೀರಿನಲ್ಲಿಯೂ ಇದೇ ಸದ್ದಿಲ್ಲದೆ ನಡೆಯುತ್ತದೆ. ಹೆಚ್ಚುವರಿ ಇಂಗಾಲದ ಡೈಆಕ್ಸೈಡು ಗಾಳಿಗೆ ಹೊರಟುಹೋಗುತ್ತದೆ. ಪಂಪು ನೀರನ್ನು ಕಲಕಿದಷ್ಟೂ ಬೇಗ ಹೋಗುತ್ತದೆ. ಆಮ್ಲಾಂಶ ತೊಲಗಿದ್ದರಿಂದ ನೀರು ಕ್ಷಾರದ ಕಡೆಗೆ ವಾಲುತ್ತದೆ. ಅದರೊಡನೆ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಎಂದರೆ ಸೀಮೆಸುಣ್ಣದ ಪುಡಿಯಾಗಿ, ತೇಲತೊಡಗುತ್ತದೆ. ಚಲುವೆ ಪುಡಿಯಲ್ಲಿಯೂ ಸುಣ್ಣವಿದೆ. ಅದರ ದ್ರಾವಣವೂ ಕ್ಷಾರವೇ. ಆದುದರಿಂದ ನಮ್ಮ ಯಜಮಾನರು ಪುಡಿಯನ್ನು ಹೆಚ್ಚಿಸಿದಂತೆಲ್ಲ ಮಬ್ಬು ಹೆಚ್ಚಾಯಿತು. ಇಲ್ಲಿಗೆ ಮಬ್ಬಿನ ಕಾರಣ ತಿಳಿಯಿತು. ಪಾಚಿಯ ಕಾರಣ ಇನ್ನೂ ಉಳಿದಿದೆ.

ಪಿಎಚ್ ಎಂಬ ಅಳತೆಗೋಲು

ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದನ್ನು ಒಂದೇ ಅಂಕದಿಂದ ಸೂಚಿಸುವ ಕ್ರಮವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೊರೆನ್ಸನ್ ಎಂಬ ವಿಜ್ಞಾನಿಯು ಬಳಕೆಗೆ ತಂದನು. ಅದೇ ಪಿಎಚ್ ಅಂಕ. ಶುದ್ಧ ಜಲಕ್ಕೆ ಇದು 7. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಈ ಅಂಕವು ಲಘುಗಣಕದ ಮೆಟ್ಟಿಲುಗಳ ಮೇಲೆ ನಡೆಯುವುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. 7ರಿಂದ 8ಕ್ಕೆ ಏರಿತೆಂದರೆ ಜಲಜನಕ ಅಯಾನುಗಳು ಹತ್ತನೆಯ ಒಂದು ಪಾಲಿಗೆ ಇಳಿದುವೆಂದು ಅರ್ಥ. ನೋಡುವುದಕ್ಕೆ ಒಂದಂಕದ ಭೇದ. ನಿಜವಾಗಿ ಹತ್ತು ಪಟ್ಟಿನ ಭೇದ.

ನಮ್ಮ ಕಣ್ಣೀರಿನ ಪಿಎಚ್ ಸುಮಾರು 7.4. ಈಜುವವರ ಕಣ್ಣಿಗೂ ಚರ್ಮಕ್ಕೂ ಹಿತವಾಗಬೇಕಾದರೆ ಕೊಳದ ನೀರೂ ಅದರ ಆಸುಪಾಸಿನಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2006ರ ಮಾರ್ಗದರ್ಶಿಯಲ್ಲಿ, ಕ್ಲೋರೀನ್ ಬಳಸುವ ಕೊಳಗಳಿಗೆ 7.2ರಿಂದ 7.8ರವರೆಗಿನ ಪಿಎಚ್ ಯುಕ್ತವೆಂದು ಹೇಳಿದೆ. ಕಣ್ಣಿನ ಹಿತ ಒಂದು ಕಾರಣ ಮಾತ್ರ. ಅದಕ್ಕಿಂತ ದೊಡ್ಡ ಕಾರಣ ಕ್ಲೋರೀನಿನ ಸ್ವಭಾವದಲ್ಲಿದೆ.

ಕ್ಲೋರೀನಿನ ಎರಡು ರೂಪಗಳು

ಕ್ಲೋರೀನನ್ನು 1774ರಲ್ಲಿ ಸ್ವೀಡನ್ನಿನ ಶೀಲೆ ಎಂಬಾತನು ಮೊದಲು ತಯಾರಿಸಿದನು. ಅದು ಮೂಲಧಾತುವೆಂದು 1810ರಲ್ಲಿ ತೋರಿಸಿ, ಹಸುರು ಮಿಶ್ರಿತ ಹಳದಿಯ ಬಣ್ಣವನ್ನು ಅನುಸರಿಸಿ ಅದಕ್ಕೆ ಆ ಹೆಸರನ್ನಿಟ್ಟವನು ಹಂಫ್ರಿ ಡೇವಿ. 1799ರಲ್ಲಿ ಗ್ಲಾಸ್ಗೋ ನಗರದ ಟೆನ್ನಂಟನು ಅರಳಿದ ಸುಣ್ಣಕ್ಕೆ ಕ್ಲೋರೀನನ್ನು ಹೀರಿಸಿ ಚಲುವೆ ಪುಡಿಯನ್ನು ಮಾಡುವ ಹಕ್ಕನ್ನು ಪಡೆದನು. ಬಟ್ಟೆಯ ಬಿಳುಪಿಗೆಂದು ಹುಟ್ಟಿದ ಈ ಪುಡಿಯು ಮುಂದೆ ಲಕ್ಷಾಂತರ ಜನರ ಪ್ರಾಣವನ್ನು ಕಾಯಿತು. 1908ರಲ್ಲಿ ಅಮೆರಿಕದ ಜರ್ಸಿ ನಗರವು ತನ್ನ ಕುಡಿಯುವ ನೀರಿಗೆ ನಿತ್ಯವೂ ಕ್ಲೋರೀನನ್ನು ಬೆರೆಸತೊಡಗಿದುದು ಈ ಚರಿತ್ರೆಯ ಒಂದು ಮೈಲಿಗಲ್ಲು.

ಚಲುವೆ ಪುಡಿಯೇ ಆಗಲಿ, ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವವೇ ಆಗಲಿ, ನೀರಿಗೆ ಬಿದ್ದ ಮೇಲೆ ಎರಡು ರೂಪಗಳನ್ನು ತಾಳುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ. ಇನ್ನೊಂದು, ಆ ಆಮ್ಲವು ಜಲಜನಕ ಅಯಾನನ್ನು ಕಳೆದುಕೊಂಡಾಗ ಉಳಿಯುವ ಹೈಪೋಕ್ಲೋರೈಟ್ ಅಯಾನು. ಇವೆರಡೂ ಒಂದರಿಂದೊಂದು ಆಗುತ್ತಲೇ ಇರುತ್ತವೆ. ಆದರೆ ಕೆಲಸದಲ್ಲಿ ಇವು ಸಮಾನರಲ್ಲ. ಬ್ಯಾಕ್ಟೀರಿಯಾಗಳ ಹೊರಮೈ ಋಣವಿದ್ಯುತ್ತನ್ನು ಹೊತ್ತಿರುತ್ತದೆ. ಹೈಪೋಕ್ಲೋರೈಟ್ ಅಯಾನೂ ಋಣವಿದ್ಯುತ್ತಿನದೇ ಆದುದರಿಂದ ಅದು ದೂರ ತಳ್ಳಲ್ಪಡುತ್ತದೆ. ವಿದ್ಯುತ್ತಿಲ್ಲದ ಹೈಪೋಕ್ಲೋರಸ್ ಆಮ್ಲಕ್ಕೆ ಈ ತಡೆಯಿಲ್ಲ. ಅದು ಜೀವಕೋಶದೊಳಕ್ಕೆ ನುಗ್ಗಿ ಕ್ರಿಮಿಯನ್ನು ಕೊಲ್ಲುತ್ತದೆ. ಈ ಆಮ್ಲದ ಶಕ್ತಿ ಅಯಾನಿನ ಶಕ್ತಿಗಿಂತ ಹಲವು ಹತ್ತು ಪಟ್ಟು ಹೆಚ್ಚು.

ಯಾವ ರೂಪದಲ್ಲಿ ಎಷ್ಟು ಇರಬೇಕೆಂಬುದನ್ನು ನಿರ್ಣಯಿಸುವುದು ಪಿಎಚ್. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಆಗಿದ್ದರೆ ಕ್ಲೋರೀನಿನ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಆಮ್ಲರೂಪದಲ್ಲಿರುತ್ತದೆ. 7.5ಕ್ಕೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. 8ಕ್ಕೆ ಕಾಲು ಭಾಗ ಮಾತ್ರ ಉಳಿಯುತ್ತದೆ. 8.5ಕ್ಕೆ ಹತ್ತರಲ್ಲೊಂದು ಪಾಲು. ನಮ್ಮ ಯಜಮಾನರ ಕೊಳದಲ್ಲಿ ನಡೆದುದು ಇದೇ. ಗಡಸು ನೀರು ತಾನಾಗಿಯೇ 8ನ್ನು ಮೀರಿತು. ಚಲುವೆ ಪುಡಿಯು ಅದನ್ನು ಇನ್ನೂ ಮೇಲಕ್ಕೆ ಒಯ್ದಿತು. ನೀರಿನಲ್ಲಿ ಕ್ಲೋರೀನ್ ಇತ್ತು. ಆದರೆ ಅದರ ಬಹುಭಾಗ ಕೈಕಟ್ಟಿ ನಿಂತಿತ್ತು. ಪಾಚಿಗೆ ಬೇಕಾದುದೂ ಅಷ್ಟೇ ಅವಕಾಶ.

ಕ್ಷಾರತ್ವ: ಕೆರೆಯ ಹರವು

ಹಾಗಾದರೆ ಒಂದಿಷ್ಟು ಆಮ್ಲ ಸುರಿದು ಪಿಎಚ್ಚನ್ನು ಇಳಿಸಿದರೆ ಸಾಲದೆ? ಇಳಿಸಬಹುದು, ಆದರೆ ಎರಡು ದಿನಗಳಲ್ಲಿ ಅದು ಮತ್ತೆ ಏರುತ್ತದೆ. ಇದರ ಕಾರಣವನ್ನು ತಿಳಿಯಲು ಕ್ಷಾರತ್ವ ಎಂಬ ಇನ್ನೊಂದು ಗುಣವನ್ನು ಪರಿಚಯ ಮಾಡಿಕೊಳ್ಳಬೇಕು. ಪಿಎಚ್ ಬೇರೆ, ಕ್ಷಾರತ್ವ ಬೇರೆ. ಕೆರೆಯ ನೀರಿನ ಮಟ್ಟ ಒಂದು, ಕೆರೆಯ ಹರವು ಮತ್ತೊಂದು. ಒಂದೇ ಮಳೆಗೆ ಸಣ್ಣ ಗುಂಡಿ ತುಂಬಿ ಹರಿಯುತ್ತದೆ. ವಿಶಾಲವಾದ ಕೆರೆಯ ಮಟ್ಟ ಒಂದಂಗುಲವೂ ಏರುವುದಿಲ್ಲ. ನೀರಿನಲ್ಲಿರುವ ಬೈಕಾರ್ಬೊನೇಟುಗಳು ಹೊರಗಿನಿಂದ ಬಿದ್ದ ಆಮ್ಲವನ್ನು ನುಂಗಿಕೊಂಡು, ಪಿಎಚ್ ಅಂಕ ಥಟ್ಟನೆ ಬೀಳದಂತೆ ತಡೆಯುತ್ತವೆ. ಹೀಗೆ ತಡೆದುಕೊಳ್ಳುವ ಶಕ್ತಿಯೇ ಕ್ಷಾರತ್ವ. ಇದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮವೆಂದು ಲೆಕ್ಕ ಹಾಕುತ್ತಾರೆ.

ಇದು ತೀರ ಕಡಮೆಯಾದರೆ ಸ್ವಲ್ಪ ಆಮ್ಲಕ್ಕೇ ಪಿಎಚ್ ಪಾತಾಳಕ್ಕಿಳಿಯುತ್ತದೆ. ತೀರ ಹೆಚ್ಚಾದರೆ ಬೈಕಾರ್ಬೊನೇಟಿನಿಂದ ಇಂಗಾಲದ ಡೈಆಕ್ಸೈಡು ನಿರಂತರವಾಗಿ ಹೊರಬಿದ್ದು ಪಿಎಚ್ ಮೇಲೇರುತ್ತಲೇ ಇರುತ್ತದೆ. ಕೊಳಗಳಿಗೆ 80ರಿಂದ 120 ಮಿಲಿಗ್ರಾಂ ಸಾಮಾನ್ಯವಾಗಿ ಹಿತಕರ. ಮಾದರಿಗೆಂದು, ಒಂದು ಕೊಳವೆ ಬಾವಿಯ ನೀರಿನಲ್ಲಿ ಇದು 300 ಇದೆಯೆನ್ನೋಣ. ನಮ್ಮ 48,000 ಲೀಟರಿನ ಕೊಳದಲ್ಲಿ ಕ್ಷಾರತ್ವವನ್ನು 10 ಮಿಲಿಗ್ರಾಮಿನಷ್ಟು ಇಳಿಸಲು, ಅಂಗಡಿಯಲ್ಲಿ ದೊರೆಯುವ ಸುಮಾರು ಶೇಕಡ 32ರ ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರಿಗೆ ತುಸು ಕಡಮೆ ಬೇಕಾಗುತ್ತದೆ. 300ರಿಂದ 100ಕ್ಕೆ ಬರಬೇಕಾದರೆ ಸುಮಾರು 19 ಲೀಟರ್. ಇಷ್ಟನ್ನೂ ಒಂದೇ ದಿನ ಸುರಿಯಬಾರದು. ದಿನಕ್ಕೆ ಒಂದು ಲೀಟರಿನಂತೆ, ನೀರಿನಲ್ಲಿ ಬೆರೆಸಿ, ಪಂಪು ನಡೆಯುತ್ತಿರುವಾಗ ಹಾಕುತ್ತ, ಪ್ರತಿದಿನವೂ ಪಿಎಚ್ಚನ್ನು ಪರೀಕ್ಷಿಸುತ್ತ ಹೋದರೆ ಎರಡು ಮೂರು ವಾರಗಳಲ್ಲಿ ನೀರು ಹದಕ್ಕೆ ಬರುತ್ತದೆ. ಒಮ್ಮೆ ಹದಕ್ಕೆ ಬಂದ ನೀರು ಪಿಎಚ್ ಅಂಕವನ್ನು ಹಿಡಿದು ನಿಲ್ಲಿಸಿಕೊಳ್ಳುತ್ತದೆ.

ಆಮ್ಲವನ್ನು ಯಾವಾಗಲೂ ನೀರಿಗೆ ಸುರಿಯಬೇಕು. ನೀರನ್ನು ಆಮ್ಲಕ್ಕೆ ಸುರಿಯಬಾರದೆಂಬ ಪ್ರಯೋಗಶಾಲೆಯ ಸೂತ್ರವು ಇಲ್ಲಿಯೂ ಪ್ರಾಣರಕ್ಷಕ.

ಗಡಸುತನ ಮತ್ತು ಲ್ಯಾಂಗೆಲಿಯರನ ಲೆಕ್ಕ

ಇನ್ನು ಕ್ಯಾಲ್ಸಿಯಮ್ಮಿನ ವಿಚಾರ. ಇದು ಹೆಚ್ಚಾದರೆ ಬಿಲ್ಲೆಗಳ ಮೇಲೆ, ಕೊಳವೆಗಳೊಳಗೆ, ಶೋಧಕದ ಮರಳಿನಲ್ಲಿ ಸುಣ್ಣದ ಹೊಪ್ಪಳೆ ಕಟ್ಟುತ್ತದೆ. ಹಾಗೆಂದು ಪೂರ್ತಿ ಇಲ್ಲದಿದ್ದರೆ ಒಳ್ಳೆಯದೆಂದು ತಿಳಿಯಬಾರದು. ಕ್ಯಾಲ್ಸಿಯಂ ಇಲ್ಲದ ಮೆದುನೀರು ತನ್ನ ಕೊರತೆಯನ್ನು ತುಂಬಿಕೊಳ್ಳಲು ಕೊಳದ ಗಾರೆಯನ್ನೇ ತಿನ್ನತೊಡಗುತ್ತದೆ; ಬಿಲ್ಲೆಗಳ ನಡುವಣ ಸಿಮೆಂಟು ಸವೆದು ಗೋಡೆ ಒರಟಾಗುತ್ತದೆ. ಯಾವ ನೀರು ಸುಣ್ಣವನ್ನು ಕಕ್ಕುತ್ತದೆ, ಯಾವುದು ನುಂಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕುವ ಸೂತ್ರವನ್ನು 1936ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲ್ಯಾಂಗೆಲಿಯರ್ ಪ್ರಕಟಿಸಿದನು. ಆತನ ಉದ್ದೇಶ ನಗರಗಳ ಕಬ್ಬಿಣದ ಕೊಳಾಯಿಗಳನ್ನು ತುಕ್ಕಿನಿಂದ ಕಾಪಾಡುವುದು. ಪಿಎಚ್, ಕ್ಷಾರತ್ವ, ಕ್ಯಾಲ್ಸಿಯಂ, ಉಷ್ಣತೆ, ಕರಗಿದ ಒಟ್ಟು ಲವಣ, ಈ ಐದನ್ನು ಕೂಡಿಸಿ ನೋಡಿದಾಗ ಬರುವ ಅಂಕ ಸೊನ್ನೆಗೆ ಹತ್ತಿರವಿದ್ದರೆ ನೀರು ಸಮತೋಲದಲ್ಲಿದೆ. ಧನವಾದರೆ ಸುಣ್ಣ ಕಟ್ಟುತ್ತದೆ. ಋಣವಾದರೆ ಗಾರೆಯನ್ನು ತಿನ್ನುತ್ತದೆ. ಒಂದೊಂದು ಗುಣವನ್ನೂ ಬಿಡಿಯಾಗಿ ನೋಡಿ ಫಲವಿಲ್ಲ, ಅವು ಒಂದನ್ನೊಂದು ಹಿಡಿದುಕೊಂಡಿವೆ ಎಂಬುದೇ ಈ ಸೂತ್ರದ ಸಾರ.

ನಮ್ಮ ಸೀಮೆಯಲ್ಲಿ ಕಷ್ಟವಿರುವುದು ಹೆಚ್ಚಾಗುವ ಕಡೆಗೇ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹೋಗುವುದು ನೀರು ಮಾತ್ರ. ಸಿಹಿಯೆಲ್ಲ ಉಳಿದು ಗಟ್ಟಿಯಾಗುತ್ತದೆ. ಬಿಸಿಲಿಗೆ ತೆರೆದ ಕೊಳವೂ ಒಂದು ನಿಧಾನದ ಕೊಪ್ಪರಿಗೆಯೇ. ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಇಟ್ಟುಕೊಂಡರೆ, 32 ಚದರ ಮೀಟರ್ ಮೇಲ್ಮೈಯುಳ್ಳ ಕೊಳದಿಂದ ದಿನಕ್ಕೆ 160 ಲೀಟರ್ ಹೋಗುತ್ತದೆ. ಮಳೆಯಿಲ್ಲದ ನೂರು ದಿನಗಳಲ್ಲಿ 16,000 ಲೀಟರ್. ಈ ಕೊರತೆಯನ್ನು ಲೀಟರಿಗೆ 400 ಮಿಲಿಗ್ರಾಂ ಗಡಸುತನದ ಕೊಳವೆ ಬಾವಿ ನೀರಿನಿಂದ ತುಂಬಿದರೆ, ಆರು ಕಿಲೋಗ್ರಾಮಿಗೂ ಹೆಚ್ಚು ಲವಣ ಕೊಳಕ್ಕೆ ಬಂದು ಸೇರುತ್ತದೆ. ಒಂದಿಷ್ಟೂ ಹೊರಗೆ ಹೋಗುವುದಿಲ್ಲ. ಮೊದಲು 400 ಇದ್ದ ಗಡಸುತನ 530ಕ್ಕೆ ಏರುತ್ತದೆ. ರಾತ್ರಿ ಹೊತ್ತು ಕೊಳದ ಮೇಲೆ ಹೊದಿಕೆ ಹಾಸುವುದು ಕಸ ಬೀಳದಿರಲೆಂದು ಮಾತ್ರವಲ್ಲ. ಅದು ನೀರಿನ ಹದವನ್ನೂ ಕಾಯುತ್ತದೆ.

ಬಿಸಿಲಿನ ತೊಡಕು

ಸೂರ್ಯನ ನೇರಿಳಾತೀತ ಕಿರಣಗಳು ನೀರಿನಲ್ಲಿರುವ ಕ್ಲೋರೀನನ್ನು ಒಡೆದು ನಿರುಪಯುಕ್ತವಾದ ಕ್ಲೋರೈಡನ್ನಾಗಿ ಮಾಡುತ್ತವೆ. ಬೆಳಿಗ್ಗೆ ಹಾಕಿದ ಕ್ಲೋರೀನಿನ ಬಹುಭಾಗ ಮಧ್ಯಾಹ್ನದ ಹೊತ್ತಿಗೆ ಇಲ್ಲವಾಗುತ್ತದೆ. ಆದುದರಿಂದ ಅದನ್ನು ಸಂಜೆ ಹಾಕುವುದು ವಿವೇಕ. ಇದಕ್ಕೆ ಇನ್ನೊಂದು ಉಪಾಯ ಸಯನ್ಯೂರಿಕ್ ಆಮ್ಲ. ಇದು ಕ್ಲೋರೀನಿನೊಡನೆ ಸಡಿಲವಾಗಿ ಕೂಡಿಕೊಂಡು, ಕೊಡೆ ಹಿಡಿದಂತೆ ಬಿಸಿಲಿನಿಂದ ಅದನ್ನು ಕಾಪಾಡುತ್ತದೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಅನುಕೂಲ.

ಆದರೆ ಕೊಡೆಯೇ ಭಾರವಾಗುವ ಸಂಭವವುಂಟು. ಅಂಗಡಿಗಳಲ್ಲಿ ಮಾರುವ ಬಿಳಿಯ ದಪ್ಪ ಬಿಲ್ಲೆಗಳು ಬಹುಮಟ್ಟಿಗೆ ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲದವು. ಅವುಗಳಲ್ಲಿ ಕ್ಲೋರೀನಿನ ಜೊತೆಗೆ ಈ ಕೊಡೆಯೂ ಅಡಕವಾಗಿರುತ್ತದೆ. ಅವು ನೀರಿಗೆ ಒಂದು ಮಿಲಿಗ್ರಾಂ ಕ್ಲೋರೀನ್ ಕೊಟ್ಟಾಗಲೆಲ್ಲ 0.6 ಮಿಲಿಗ್ರಾಂ ಸಯನ್ಯೂರಿಕ್ ಆಮ್ಲವನ್ನೂ ಕೊಡುತ್ತವೆ. ಕ್ಲೋರೀನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ. ದಿನಕ್ಕೆ ಲೀಟರಿಗೆ 2 ಮಿಲಿಗ್ರಾಮಿನಂತೆ ಕ್ಲೋರೀನ್ ಹಾಕುತ್ತ ಹೋದರೆ ನೂರು ದಿನಗಳಲ್ಲಿ ಇದು 120 ಮಿಲಿಗ್ರಾಂ ತಲಪುತ್ತದೆ. 100 ಮಿಲಿಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಷ್ಟಾದ ಮೇಲೆ ಕ್ಲೋರೀನಿನ ಬಹುಭಾಗ ಕೊಡೆಯ ಕೆಳಗೇ ಬಂದಿಯಾಗುತ್ತದೆ. ಇದನ್ನು ತೆಗೆಯಲು ಮನೆಯಲ್ಲಿ ಮಾಡಬಹುದಾದ ಸುಲಭ ಉಪಾಯವೆಂದರೆ ನೀರಿನ ಒಂದು ಭಾಗವನ್ನು ಹೊರಗೆ ಬಿಡುವುದೊಂದೇ. ಆದುದರಿಂದ ನೀರನ್ನು ಉಳಿಸಬೇಕೆನ್ನುವವರು ಇಂಥ ಬಿಲ್ಲೆಗಳನ್ನು ನಿತ್ಯದ ಆಹಾರವಾಗಿಸದೆ, ಹೈಪೋಕ್ಲೋರೈಟ್ ದ್ರವವನ್ನು ಬಳಸಿ, ಸಯನ್ಯೂರಿಕ್ ಆಮ್ಲವನ್ನು ಬೇರೆಯಾಗಿ ಮಿತವಾಗಿ ಸೇರಿಸುವುದು ಮೇಲು.

‘ಕ್ಲೋರೀನಿನ ವಾಸನೆ’ ಯಾರದು?

ಕೊಳದಿಂದ ಕಟುವಾಸನೆ ಬರುತ್ತಿದ್ದರೆ, ಕಣ್ಣು ಕೆಂಪಾದರೆ, ಕ್ಲೋರೀನ್ ಹೆಚ್ಚಾಯಿತೆಂದು ಜನ ಹೇಳುವುದು ವಾಡಿಕೆ. ಅನೇಕವೇಳೆ ಸತ್ಯ ಇದಕ್ಕೆ ವಿರುದ್ಧ. ಬೆವರು, ಮೂತ್ರ ಇವುಗಳಲ್ಲಿರುವ ಸಾರಜನಕದ ಸಂಯುಕ್ತಗಳೊಡನೆ ಕ್ಲೋರೀನ್ ಕೂಡಿದಾಗ ಕ್ಲೋರಮೀನುಗಳು ಹುಟ್ಟುತ್ತವೆ. ಆ ವಾಸನೆ ಇವುಗಳದು. ಕಣ್ಣನ್ನು ಕೆಣಕುವುದೂ ಮುಖ್ಯವಾಗಿ ಇವೇ. ಇವುಗಳ ಕ್ರಿಮಿನಾಶಕ ಶಕ್ತಿಯೂ ಬಹಳ ಕಡಮೆ. ಕ್ಲೋರಮೀನಿನ ರೂಪದಲ್ಲಿ ಬಂಧಿತವಾದ ಕ್ಲೋರೀನಿನ ಸುಮಾರು ಹತ್ತು ಪಟ್ಟು ಹೊಸ ಕ್ಲೋರೀನನ್ನು ಒಮ್ಮೆಗೇ ಹಾಕಿದಾಗ ಅವು ಒಡೆದು, ಸಾರಜನಕ ಗಾಳಿಗೆ ಹೋಗುತ್ತದೆ. ಅಂದರೆ ಆ ವಾಸನೆಗೆ ಮದ್ದು ಹೆಚ್ಚು ಕ್ಲೋರೀನ್. ಅದಕ್ಕಿಂತ ಒಳ್ಳೆಯ ಮದ್ದು, ನೀರಿಗಿಳಿಯುವ ಮುನ್ನ ಎಲ್ಲರೂ ಮೈತೊಳೆದುಕೊಳ್ಳುವುದು.

ಹಸಿರಾದ ಕೊಳವನ್ನು ಉಳಿಸುವ ಬಗೆ

ಈಗ ನಮ್ಮ ಯಜಮಾನರ ಕೊಳಕ್ಕೆ ಮರಳೋಣ. ಅದನ್ನು ಬರಿದುಮಾಡಬೇಕಾದ ಅಗತ್ಯವಿಲ್ಲ. ಮೊದಲು ಆಮ್ಲದಿಂದ ಪಿಎಚ್ ಅಂಕವನ್ನು 7.2ರ ಹತ್ತಿರಕ್ಕೆ ತರಬೇಕು, ಕ್ಲೋರೀನ್ ಆಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಪಿಎಚ್ ಇಳಿದುದನ್ನು ಪರೀಕ್ಷಿಸಿ ಕಂಡುಕೊಂಡ ಮೇಲೆ, ಸಂಜೆ ಲೀಟರಿಗೆ 10 ಮಿಲಿಗ್ರಾಮಿನಂತೆ ಕ್ಲೋರೀನ್ ಹಾಕಬೇಕು. ಇಡೀ ಕೊಳಕ್ಕೆ ಇದು 480 ಗ್ರಾಂ. ಶೇಕಡ 10ರ ಹೈಪೋಕ್ಲೋರೈಟ್ ದ್ರವವಾದರೆ ಸುಮಾರು 5 ಲೀಟರ್. ಚಲುವೆ ಪುಡಿಯೇ ಆದರೆ ಒಂದೂವರೆ ಕಿಲೋಗ್ರಾಮಿನಷ್ಟು. ಅದನ್ನು ಬಕೆಟ್ಟುಗಳಲ್ಲಿ ಕದಡಿಟ್ಟು, ತಳದಲ್ಲಿ ನಿಂತ ಸುಣ್ಣವನ್ನು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು. ಗೋಡೆಗಳನ್ನು ಉಜ್ಜಿ, ಶೋಧಕವನ್ನು ಎರಡು ಮೂರು ದಿನ ಬಿಡದೆ ನಡೆಸಿದರೆ ಹಸಿರು ಹೋಗಿ, ಬೂದುಬಣ್ಣದ ಮಬ್ಬು ಉಳಿದು, ಕಡೆಗೆ ಅದೂ ತಿಳಿಯಾಗುತ್ತದೆ. ಕ್ಲೋರೀನ್ 3 ಮಿಲಿಗ್ರಾಮಿಗೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಆಮ್ಲವನ್ನೂ ಚಲುವೆ ಪುಡಿಯನ್ನೂ, ಅಥವಾ ಆಮ್ಲವನ್ನೂ ಹೈಪೋಕ್ಲೋರೈಟನ್ನೂ ಒಂದೇ ಬಕೆಟ್ಟಿನಲ್ಲಿ ಎಂದೆಂದಿಗೂ ಬೆರೆಸಕೂಡದು. ಬೆರೆಸಿದೊಡನೆ ಕ್ಲೋರೀನ್ ಅನಿಲ ಹೊರಬೀಳುತ್ತದೆ. 1915ರ ಏಪ್ರಿಲ್‌ನಲ್ಲಿ ಈಪ್ರ್ ರಣಭೂಮಿಯಲ್ಲಿ ಸೈನಿಕರ ಮೇಲೆ ಪ್ರಯೋಗಿಸಲ್ಪಟ್ಟುದು ಇದೇ ಅನಿಲ. ಟ್ರೈಕ್ಲೋರೋ ಬಿಲ್ಲೆಗಳನ್ನು ಚಲುವೆ ಪುಡಿಯೊಡನೆ ಬೆರೆಸಿದರೆ ಬೆಂಕಿಯೇ ಏಳಬಹುದು. ಇವುಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ, ಮಕ್ಕಳ ಕೈಗೆಟುಕದಂತೆ, ಗಾಳಿಯಾಡುವಲ್ಲಿ ಇಡಬೇಕು.

ಪರೀಕ್ಷೆಗಳು ಕಷ್ಟದವೇನಲ್ಲ. ಫೀನಾಲ್ ರೆಡ್ ಎಂಬ ಸೂಚಕದ ಕೆಲವು ಹನಿಗಳು ಹಳದಿಯಿಂದ ಕೆಂಪಿಗೆ ತಿರುಗುತ್ತ ಪಿಎಚ್ಚನ್ನು ಹೇಳುತ್ತವೆ. ಕ್ಷಾರತ್ವವನ್ನು ಮಿಥೈಲ್ ಆರೆಂಜ್ ಬಳಸಿಯೂ, ಗಡಸುತನವನ್ನು ದ್ರಾವಣವು ದ್ರಾಕ್ಷಾರಸದ ಕೆಂಪಿನಿಂದ ನೀಲಿಗೆ ತಿರುಗುವ ಪರೀಕ್ಷೆಯಿಂದಲೂ ಅಳೆಯುವುದನ್ನು ಕಾಲೇಜಿನ ವಿದ್ಯಾರ್ಥಿಗಳು ಬ್ಯುರೆಟ್ಟು ಹಿಡಿದು ಮಾಡಿಯೇ ಇರುತ್ತಾರೆ. ಪಿಎಚ್ಚನ್ನೂ ಕ್ಲೋರೀನನ್ನೂ ದಿನಕ್ಕೊಮ್ಮೆ, ಕ್ಷಾರತ್ವವನ್ನು ವಾರಕ್ಕೊಮ್ಮೆ, ಗಡಸುತನವನ್ನೂ ಸಯನ್ಯೂರಿಕ್ ಆಮ್ಲವನ್ನೂ ತಿಂಗಳಿಗೊಮ್ಮೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು.

ಮಳೆಯ ಪಾಲು

ಹಳೆಯ ಕಲ್ಯಾಣಿಗಳಿಗೆ ಆಮ್ಲವನ್ನು ಯಾರೂ ಸುರಿಯುತ್ತಿರಲಿಲ್ಲ. ಮಳೆಗಾಲದ ಹೊಸ ನೀರು ವರ್ಷಕ್ಕೊಮ್ಮೆ ಲವಣಗಳನ್ನು ತೆಳುಮಾಡುತ್ತಿತ್ತು. ಮೀನು ಮತ್ತು ಸೂಕ್ಷ್ಮಜೀವಿಗಳು ಉಳಿದುದನ್ನು ನೋಡಿಕೊಳ್ಳುತ್ತಿದ್ದುವು. ಈಜುಕೊಳದಲ್ಲಿ ಮೀನನ್ನು ಸಾಕಲಾರೆವು. ಆದರೆ ಮಳೆಯನ್ನು ಕರೆದು ತರಬಹುದು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಬಿದ್ದ ಮಳೆಯಲ್ಲಿ ಐದನೆಯ ಒಂದು ಪಾಲು ವ್ಯರ್ಥವಾದರೂ 64,000 ಲೀಟರ್ ದೊರೆಯುತ್ತದೆ. ಇದು ಇಡೀ ಕೊಳವನ್ನು ತುಂಬಿ ಮಿಗುವಷ್ಟು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಸಂಪಿನಲ್ಲಿ ಕೂಡಿಟ್ಟುಕೊಂಡರೆ ಬೇಸಗೆಯಲ್ಲಿ ಆವಿಯಾದ ನೀರಿನ ಕೊರತೆಯನ್ನು ಅದರಿಂದ ತುಂಬಬಹುದು.

ರಸಾಯನದ ದೃಷ್ಟಿಯಿಂದಲೂ ಇದು ಸೊಗಸಾದ ಹೊಂದಿಕೆ. ಕೊಳವೆ ಬಾವಿಯ ನೀರಿನಲ್ಲಿ ಎಲ್ಲವೂ ಅತಿಯಾಗಿದೆ. ಮಳೆಯ ನೀರಿನಲ್ಲಿ ಏನೂ ಇಲ್ಲ. ಗಡಸುತನ 400, ಕ್ಷಾರತ್ವ 300 ಇರುವ ನೀರಿಗೆ ಅಷ್ಟೇ ಮಳೆನೀರನ್ನು ಬೆರೆಸಿದರೆ 200 ಮತ್ತು 150 ಆಗುತ್ತದೆ. ಗಾರೆಗೆ ಅಪಾಯವಿಲ್ಲ, ಸುಣ್ಣ ಕಟ್ಟುವ ಭಯವೂ ಅಷ್ಟಿಲ್ಲ. 19 ಲೀಟರ್ ಆಮ್ಲದ ಬದಲು ಐದು ಲೀಟರ್ ಸಾಕಾಗುತ್ತದೆ. ನೆಲದಿಂದ ಎತ್ತುವ ನೀರೂ ಅರ್ಧವಾಗುತ್ತದೆ.

ಮನೆಯಲ್ಲಿ ಈಜುಕೊಳವಿಲ್ಲದ ವಾಚಕರೇ ಬಹು ಮಂದಿ. ಅವರೂ ಈ ಅಂಕಗಳನ್ನು ಮರೆಯಬಾರದು. ಹಳ್ಳಿಯ ಮೇಲ್ತೊಟ್ಟಿಗೆ ನೀರುಗಂಟಿಯು ಹಾಕುವ ಚಲುವೆ ಪುಡಿಯೂ ಇದೇ ಕೊಳವೆ ಬಾವಿಯ ನೀರಿಗೆ ಬೀಳುತ್ತದೆ. ಪಿಎಚ್ 8ನ್ನು ಮುಟ್ಟಿದ್ದರೆ ಅಲ್ಲಿಯೂ ಕಾಲು ಭಾಗವಷ್ಟೇ ಚುರುಕಾಗಿರುತ್ತದೆ. ಕುಡಿಯುವ ನೀರಿನಲ್ಲಿ ಪಿಎಚ್ 8ಕ್ಕಿಂತ ಕಡಮೆಯಿದ್ದು, ಅರ್ಧ ಗಂಟೆಯ ಬಳಿಕವೂ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಮುಕ್ತ ಕ್ಲೋರೀನ್ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣದಿಂದ. ನಿಮ್ಮ ಊರಿನ ತೊಟ್ಟಿಯ ನೀರನ್ನು ಒಂದು ಸೀಸೆಯಲ್ಲಿ ಶಾಲೆಯ ಪ್ರಯೋಗಶಾಲೆಗೆ ಕೊಂಡೊಯ್ದು ಅದರ ಪಿಎಚ್ಚನ್ನೂ ಕ್ಷಾರತ್ವವನ್ನೂ ಗಡಸುತನವನ್ನೂ ಅಳೆದು ನೋಡಿರಿ. ಪಿಎಚ್ 8ನ್ನು ಮೀರಿದ್ದರೆ ಆ ಸಂಗತಿಯನ್ನು ನೀರುಗಂಟಿಗೂ ಪಂಚಾಯಿತಿಗೂ ತಿಳಿಸಿರಿ. ಕ್ಲೋರೀನಿಗೆ ಕೆಲಸ ಮಾಡಲು ಎಷ್ಟು ಹೊತ್ತು ಬಿಡಬೇಕು, ಎಷ್ಟು ಪುಡಿ ಹಾಕಬೇಕು ಎಂಬುದನ್ನು ಅವರು ಅದರಿಂದ ಗೊತ್ತುಮಾಡಿಕೊಳ್ಳಬಹುದು.